ಗೇಟಿನೊಳಗೆ ಬಂದದ್ದೆಷ್ಟು, ಹೊರಗೆ ಹೋದದ್ದೆಷ್ಟು? ‘ಹಸಿರು ಕ್ಯಾಂಪಸ್’ ಎಂಬ ಮಾತಿನ ಹಿಂದಿನ ಲೆಕ್ಕ

ಪಿಯುಸಿ ಫಲಿತಾಂಶ ಬಂದು ಸೀಟಿನ ಓಡಾಟ ಶುರುವಾದರೆ ಮನೆಯಲ್ಲಿ ಕಾಲೇಜುಗಳ ಬ್ರೋಷರ್ ರಾಶಿ ಬೀಳುತ್ತದೆ. ಒಂದಿಷ್ಟು ಹುಲ್ಲುಹಾಸು, ನಾಲ್ಕು ಮರ, ಚಾವಣಿ ಮೇಲೆ ಸೋಲಾರ್ ಫಲಕ, ಅದರ ಕೆಳಗೆ ‘ಗ್ರೀನ್ ಕ್ಯಾಂಪಸ್’ ಎಂಬ ಸಾಲು ಇಲ್ಲದ ಬ್ರೋಷರ್ ಈಗ ಸಿಗುವುದು ಕಷ್ಟ. ಅಪ್ಪ ಅಮ್ಮ ಆ ಪುಟವನ್ನು ಮಗುಚಿ ಫೀಸು, ಪ್ಲೇಸ್‌ಮೆಂಟ್ ಇರುವ ಪುಟಕ್ಕೆ ಹೋಗುತ್ತಾರೆ.

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಸಾಲುಸಾಲಾಗಿ ಒಣಗಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಟ್ಯಾಂಕರ್ ನೀರಿಗೆ ಜಿಲ್ಲಾಡಳಿತವೇ ದರ ಕಟ್ಟಬೇಕಾಯಿತು. ಬಕೆಟ್ ಹಿಡಿದು ಸಾಲು ನಿಂತ ಹಾಸ್ಟೆಲ್ ಹುಡುಗ ಹುಡುಗಿಯರಿಗೆ ಆ ‘ಗ್ರೀನ್’ ಪುಟವನ್ನು ಇನ್ನೊಮ್ಮೆ ಓದಬೇಕು ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆ ಮಾತಿಗೆ ನಿಜಕ್ಕೂ ಏನರ್ಥ, ಅದನ್ನು ಅಳೆಯುವುದು ಹೇಗೆ, ಮೂರು ವರ್ಷ ಓದಿ ಹೋಗುವ ವಿದ್ಯಾರ್ಥಿಗೂ ಇದಕ್ಕೂ ಏನು ಸಂಬಂಧ, ಒಂದೊಂದಾಗಿ ನೋಡೋಣ.

ಸುಸ್ಥಿರತೆ ಅಂದರೆ ಬಿತ್ತನೆ ಬೀಜ ಉಳಿಸಿಕೊಳ್ಳುವುದು

‘ಸಸ್ಟೈನಬಿಲಿಟಿ’ಗೆ ನಾವು ‘ಸುಸ್ಥಿರತೆ’ ಎಂಬ ಪದ ಇಟ್ಟುಕೊಂಡಿದ್ದೇವೆ. ಕೇಳಲು ತೂಕದ ಪದ, ಒಳಗಿರುವುದು ಪ್ರತಿ ರೈತನ ಮನೆಯ ವಿಷಯ. ಕೊಯ್ಲಾದ ರಾಗಿಯನ್ನು ಎಷ್ಟೇ ಹಸಿವಿದ್ದರೂ ಪೂರ್ತಿ ತಿನ್ನುವುದಿಲ್ಲ, ಮುಂದಿನ ಮುಂಗಾರಿಗೆ ಬಿತ್ತನೆ ಬೀಜ ಅಂತ ಒಂದು ಪಾಲು ತೆಗೆದಿಡುತ್ತಾರೆ. 1987ರಲ್ಲಿ ವಿಶ್ವಸಂಸ್ಥೆಯ ಬ್ರಂಟ್‌ಲ್ಯಾಂಡ್ ಆಯೋಗ ಹೇಳಿದ್ದೂ ಬಹುಮಟ್ಟಿಗೆ ಇದನ್ನೇ: ಇಂದಿನವರ ಅಗತ್ಯ ಪೂರೈಸಬೇಕು, ಮುಂದಿನವರ ಪಾಲಿಗೆ ಕೈ ಹಾಕದೆ.

ಬೋರ್‌ವೆಲ್‌ನಿಂದ ವರ್ಷಕ್ಕೆ ಎತ್ತುವ ನೀರು, ಮಳೆ ವರ್ಷಕ್ಕೆ ನೆಲಕ್ಕೆ ಇಳಿಸುವ ನೀರಿಗಿಂತ ಹೆಚ್ಚಾದರೆ ನಾವು ಬಿತ್ತನೆ ಬೀಜ ತಿನ್ನುತ್ತಿದ್ದೇವೆ ಎಂದರ್ಥ. ಕ್ಯಾಂಪಸ್ಸಿನ ಸುಸ್ಥಿರತೆಯನ್ನು ಹೀಗೆಯೇ, ಬಂದದ್ದು ಎಷ್ಟು ಹೋದದ್ದು ಎಷ್ಟು ಎಂದು ನೋಡಬೇಕು. ದೊಡ್ಡ ವಿಶ್ವವಿದ್ಯಾಲಯವೆಂದರೆ ಒಂದು ಸಣ್ಣ ಊರು. ಗೇಟಿನೊಳಗೆ ನೀರು, ಕರೆಂಟು, ಅಕ್ಕಿ ಮೂಟೆ, ಸಿಲಿಂಡರ್, ಕಾಗದ, ಪೆಟ್ರೋಲ್ ಹಾಕಿದ ಬೈಕುಗಳು ಬರುತ್ತವೆ. ಕೊಳಚೆ, ಕಸ, ಹೊಗೆ ಹೊರಗೆ ಹೋಗುತ್ತವೆ. ಊರಿಗಿಲ್ಲದ ಒಂದು ಅನುಕೂಲ ಇಲ್ಲಿದೆ: ಗೇಟು ಇದೆ, ಮೀಟರ್ ಇದೆ, ಲೆಕ್ಕಪತ್ರ ವಿಭಾಗ ಇದೆ. ಅಳೆಯಬೇಕು ಎಂದು ಮನಸ್ಸು ಮಾಡಿದರೆ ಅಳೆಯಬಹುದು.

ಹವಾಮಾನದ ಲೆಕ್ಕದಲ್ಲಿ, ಅಂದರೆ ಯಾರಿಂದ ಎಷ್ಟು ಹೊಗೆ ಹೊರಬಿತ್ತು ಎಂಬ ಲೆಕ್ಕದಲ್ಲಿ, ‘ಸ್ಕೋಪ್ 1, 2, 3’ ಎಂಬ ಮಾತು ಪದೇ ಪದೇ ಬರುತ್ತದೆ. ಮನೆಗೆ ಹೋಲಿಸಿದರೆ ಇದು ಸುಲಭ. ಅಡುಗೆಮನೆಯ ಒಲೆಯಲ್ಲಿ ನಾವೇ ಉರಿಸಿದ ಗ್ಯಾಸಿನದು ಮೊದಲನೆಯ ಲೆಕ್ಕ. ನಾವು ಬಳಸಿದ ಕರೆಂಟಿಗಾಗಿ ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಉರಿದ ಕಲ್ಲಿದ್ದಲಿನದು ಎರಡನೆಯದು. ಅಂಗಡಿಯಿಂದ ತಂದ ಸಾಮಾನು ತಯಾರಾಗುವಾಗಿನ ಹೊಗೆ, ಮನೆಯವರ ಓಡಾಟ, ಎಸೆದ ಕಸ ಎಲ್ಲ ಸೇರಿ ಮೂರನೆಯದು. ಮೊದಲೆರಡಕ್ಕೆ ಬಿಲ್ ಸಿಗುತ್ತದೆ. ಮೂರನೆಯದಕ್ಕೆ ಸಿಗುವುದಿಲ್ಲ, ಹಾಗಾಗಿ ಎಷ್ಟೋ ಕ್ಯಾಂಪಸ್‌ಗಳ ಲೆಕ್ಕದಲ್ಲಿ ಅದು ಕಾಣುವುದೂ ಇಲ್ಲ.

ತಟ್ಟೆಯಲ್ಲಿ ಉಳಿದದ್ದು

ಎಲ್ಲಿಂದ ಶುರು ಮಾಡಬೇಕು ಎಂದು ಯಾರಾದರೂ ಕೇಳಿದರೆ ನಾನು ಮೆಸ್ಸಿನ ಕೈತೊಳೆಯುವ ಜಾಗ ತೋರಿಸುತ್ತೇನೆ. ಅಲ್ಲೊಂದು ನೀಲಿ ಡ್ರಮ್ ಇರುತ್ತದೆ. ರಾತ್ರಿ ಒಂಬತ್ತೂವರೆಗೆ ಅದರೊಳಗೆ ಇಣುಕಿದರೆ ಅರ್ಧ ಮುರಿದ ಮುದ್ದೆ, ಸಾಂಬಾರಿನಲ್ಲಿ ನೆನೆದ ಅನ್ನ, ಒಂದು ಕಡಿ ಕಚ್ಚಿದ ಚಪಾತಿ, ಅದರ ಮೇಲೊಂದು ಟಿಶ್ಯೂ ಉಂಡೆ. ಉಪ್ಪಿಟ್ಟಿನ ದಿನ ಬೆಳಿಗ್ಗೆಯೇ ಡ್ರಮ್ ತುಂಬುತ್ತದೆ. ಮಸಾಲೆದೋಸೆಯ ದಿನ ತಳ ಕಾಣುತ್ತದೆ.

ಲೆಕ್ಕಕ್ಕೆ 500 ಜನರ ಒಂದು ಹಾಸ್ಟೆಲ್ ಇಟ್ಟುಕೊಳ್ಳೋಣ. ತಲೆಗೆ ಪ್ರತಿ ಊಟದಲ್ಲಿ 60 ಗ್ರಾಂ, ಅಂದರೆ ಒಂದೆರಡು ತುತ್ತು ಉಳಿಯುತ್ತದೆ ಎನ್ನೋಣ. ಮೂರು ಹೊತ್ತಿಗೆ 90 ಕೆ.ಜಿ. ಅಡುಗೆಮನೆಯ ತರಕಾರಿ ಸಿಪ್ಪೆ ಸೇರಿಸಿದರೆ 100 ದಾಟುತ್ತದೆ. ಈ ನೂರು ಮುಖ್ಯವಾದ ಸಂಖ್ಯೆ. ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ದಿನಕ್ಕೆ ಸರಾಸರಿ 100 ಕೆ.ಜಿ.ಗಿಂತ ಹೆಚ್ಚು ಕಸ ಹುಟ್ಟಿಸುವ ಸಂಸ್ಥೆಗಳು ‘ಬಲ್ಕ್’ ಉತ್ಪಾದಕರು. ಅಂಥವರು ಕಸವನ್ನು ಮೂಲದಲ್ಲೇ ಬೇರ್ಪಡಿಸಬೇಕು, ಹಸಿ ಕಸವನ್ನು ಆದಷ್ಟೂ ತಮ್ಮ ಆವರಣದೊಳಗೇ ವಿಲೇವಾರಿ ಮಾಡಿಕೊಳ್ಳಬೇಕು.

ಹಾಗೆ ಮಾಡದೆ ಡ್ರಮ್ಮನ್ನು ಲಾರಿಗೆ ಸುರಿದರೆ ಏನಾಗುತ್ತದೆ? ಡಂಪಿಂಗ್ ಯಾರ್ಡಿನ ರಾಶಿಯ ಅಡಿಯಲ್ಲಿ ಗಾಳಿ ಆಡುವುದಿಲ್ಲ. ಗಾಳಿಯಿಲ್ಲದೆ ಕೊಳೆಯುವ ಅನ್ನ ಮೀಥೇನ್ ಬಿಡುತ್ತದೆ. ನೂರು ವರ್ಷದ ಅವಧಿಗೆ ಲೆಕ್ಕ ಹಾಕಿದರೆ ಒಂದು ಕೆ.ಜಿ. ಮೀಥೇನ್ ಒಂದು ಕೆ.ಜಿ. ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ. ಅದೇ ಮೀಥೇನನ್ನು ಮುಚ್ಚಿದ ತೊಟ್ಟಿಯಲ್ಲಿ ಹಿಡಿದರೆ ಅದರ ಹೆಸರು ಬಯೋಗ್ಯಾಸ್, ಒಲೆ ಉರಿಸುತ್ತದೆ. 90 ಕೆ.ಜಿ. ಉಳಿಕೆ ಆಹಾರದಿಂದ ಸಿಗುವ ಗ್ಯಾಸು ಅಂದಾಜು 4 ಕೆ.ಜಿ. ಎಲ್‌ಪಿಜಿಗೆ ಸಮ. ಐದು ದಿನ ಸೇರಿದರೆ 19 ಕೆ.ಜಿ.ಯ ಒಂದು ಕಮರ್ಷಿಯಲ್ ಸಿಲಿಂಡರ್.

ಇನ್ನೊಂದು ದಾರಿ ಕಾಂಪೋಸ್ಟ್. ಇಲ್ಲಿ ಸೋಲುವವರೇ ಹೆಚ್ಚು, ಕಾರಣ ಬಲು ಸರಳ. ಹಸಿ ಕಸವನ್ನಷ್ಟೇ ಗುಂಡಿಗೆ ಹಾಕಿದರೆ ನೀರು ಹೆಚ್ಚಾಗಿ, ಸಾರಜನಕ ಹೆಚ್ಚಾಗಿ, ಗಾಳಿ ಆಡದೆ ನಾರುತ್ತದೆ. ಅದಕ್ಕೆ ಒಣ ಎಲೆ ಬೆರೆಸಬೇಕು. ಎಲೆ ಇಂಗಾಲ ಕೊಡುತ್ತದೆ, ತೇವ ಹೀರುತ್ತದೆ, ನಡುವೆ ಗಾಳಿಗೆ ಸಂದು ಬಿಡುತ್ತದೆ. ಫೆಬ್ರವರಿಯಲ್ಲಿ ಎಷ್ಟೋ ಕ್ಯಾಂಪಸ್ಸುಗಳಲ್ಲಿ ಕಾಣುವ ದೃಶ್ಯ ಇದು: ಒಂದು ಮೂಲೆಯಲ್ಲಿ ಗುಡಿಸಿ ಗುಡ್ಡೆ ಹಾಕಿದ ಎಲೆಗೆ ಬೆಂಕಿ, ಇನ್ನೊಂದು ಮೂಲೆಯಲ್ಲಿ ಎಲೆ ಇಲ್ಲದೆ ನಾರುತ್ತಿರುವ ಕಾಂಪೋಸ್ಟ್ ಗುಂಡಿ. ನಡುವೆ ಇರುವುದು ಇನ್ನೂರು ಮೀಟರ್ ದೂರ, ಎರಡು ಬೇರೆ ಬೇರೆ ಗುತ್ತಿಗೆದಾರರು.

ಗ್ಯಾಸು, ಗೊಬ್ಬರ ಎರಡಕ್ಕಿಂತ ಮೊದಲಿನ ಹೆಜ್ಜೆ ಡ್ರಮ್ಮನ್ನು ತೂಗುವುದು. ಹದಿನೈದು ದಿನ ಪ್ರತಿ ಊಟದ ನಂತರ ತೂಗಿ, ಆ ದಿನದ ಅಡುಗೆ ಏನಿತ್ತು ಎಂದು ಪಕ್ಕದಲ್ಲಿ ಬರೆದು ಮೆಸ್ಸಿನ ಬಾಗಿಲಿಗೆ ಅಂಟಿಸಿದರೆ ಎರಡು ಸಂಗತಿ ಗೊತ್ತಾಗುತ್ತವೆ. ಯಾವ ಅಡುಗೆ ಯಾರಿಗೂ ಬೇಡ ಎಂಬುದು ಒಂದು. ಪರೀಕ್ಷೆ, ಹಬ್ಬ, ವಾರಾಂತ್ಯದಲ್ಲಿ ಅರ್ಧ ಹಾಸ್ಟೆಲ್ ಖಾಲಿಯಿದ್ದರೂ ಅಡುಗೆ ಭಟ್ಟರಿಗೆ ಯಾರೂ ತಿಳಿಸಿರಲಿಲ್ಲ ಎಂಬುದು ಇನ್ನೊಂದು. ಒಂದು ಕೆ.ಜಿ. ಅಕ್ಕಿ ಬೆಳೆಯಲು ಸಾವಿರಾರು ಲೀಟರ್ ನೀರು ಬೇಕು. ಗ್ಯಾಸು ತೆಗೆಯುವುದಕ್ಕಿಂತ ಆ ಅಕ್ಕಿಯನ್ನು ಪಾತ್ರೆಗೆ ಹಾಕದಿರುವುದೇ ದೊಡ್ಡ ಉಳಿತಾಯ.

ಚಾವಣಿಯ ಮಳೆ ಎಷ್ಟು ದಿನಕ್ಕೆ ಬರುತ್ತದೆ?

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇಷ್ಟು ನೆನಪಿಟ್ಟುಕೊಂಡರೆ ಮಳೆಕೊಯ್ಲಿನ ಲೆಕ್ಕ ಯಾರು ಬೇಕಾದರೂ ಹಾಕಬಹುದು. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿ.ಮೀ. ಹಾಸ್ಟೆಲ್ಲಿನ ಚಾವಣಿ 2,000 ಚದರ ಮೀಟರ್ ಇದ್ದರೆ ವರ್ಷಕ್ಕೆ 19 ಲಕ್ಷ ಲೀಟರ್ ಚಿಲ್ಲರೆ ಬೀಳುತ್ತದೆ. ಮೊದಲ ಮಳೆಯ ಕೊಳೆ, ಸೋರಿಕೆ ಕಳೆದು ಶೇ. 80 ಹಿಡಿದೆವು ಎಂದರೆ ಹದಿನೈದೂವರೆ ಲಕ್ಷ ಲೀಟರ್. 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹತ್ತಿರ ಹತ್ತಿರ 130 ಲೋಡು.

ಕೇಳಲು ಭರ್ಜರಿ. ಈಗ ಖರ್ಚಿನ ಕಡೆ ನೋಡಿ. ನಗರದ ನೀರು ಪೂರೈಕೆಗೆ ಬಳಸುವ ಅಳತೆ ತಲೆಗೆ ದಿನಕ್ಕೆ 135 ಲೀಟರ್. 500 ಜನರಿಗೆ 67,500 ಲೀಟರ್. ವರ್ಷದ ಅಷ್ಟೂ ಮಳೆ ಇಪ್ಪತ್ತಮೂರು ದಿನಕ್ಕೆ ಮುಗಿಯಿತು!

ಅಂದಮೇಲೆ ಚಾವಣಿ ಮಳೆಯೊಂದನ್ನೇ ನಂಬಿ ಹಾಸ್ಟೆಲ್ ನಡೆಯದು. ಬಳಸಿದ ನೀರನ್ನೇ ಇನ್ನೊಮ್ಮೆ ಬಳಸಬೇಕು. ಆ 135 ಲೀಟರಿನಲ್ಲಿ 45 ಲೀಟರ್ ಶೌಚಾಲಯದ ಫ್ಲಶ್‌ಗೆ ಎಂದೇ ಇಟ್ಟಿರುವುದು. ಇದಕ್ಕೆ ಕುಡಿಯುವ ನೀರು ಬೇಕಿಲ್ಲ. ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕದಿಂದ ಬಂದ ನೀರು ಸಾಕು. ಎಸ್‌ಟಿಪಿಯೊಳಗೆ ನಡೆಯುವುದು ಬ್ಯಾಕ್ಟೀರಿಯಾ ಸಾಕಣೆ: ತೊಟ್ಟಿಗೆ ಗಾಳಿ ಊದುತ್ತಾರೆ, ಆ ಗಾಳಿಯಲ್ಲಿ ಬದುಕುವ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ಗಸಿಯಾಗಿ ತಳಕ್ಕೆ ಇಳಿಯುತ್ತವೆ, ಮೇಲಿನ ತಿಳಿನೀರನ್ನು ಸೋಸಿ ಕ್ಲೋರಿನ್ ಹಾಕುತ್ತಾರೆ. ಕರೆಂಟ್ ಉಳಿಸೋಣ ಎಂದು ರಾತ್ರಿ ಗಾಳಿಯ ಮೋಟಾರು ನಿಲ್ಲಿಸಿದರೆ ಆ ಜೀವಿಗಳು ಉಸಿರುಗಟ್ಟಿ ಸಾಯುತ್ತವೆ, ಮರುದಿನ ಘಟಕ ನಾರುತ್ತದೆ. ‘ಎಸ್‌ಟಿಪಿ ಇದೆ’ ಎನ್ನುವುದು ಬೇರೆ, ‘ಎಸ್‌ಟಿಪಿ ಓಡುತ್ತಿದೆ’ ಎನ್ನುವುದು ಬೇರೆ.

ಚಿಕ್ಕ ಸಂಗತಿಯೊಂದು. ನಾನಿದ್ದ ಹಾಸ್ಟೆಲಿನಲ್ಲಿ ಸೋಲಾರ್ ಹೀಟರ್ ಇತ್ತು. ಟ್ಯಾಂಕು ಮೂರನೇ ಮಹಡಿಯ ಮೇಲೆ, ನಾವು ನೆಲಮಹಡಿಯಲ್ಲಿ. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಪೈಪಿನಲ್ಲಿ ರಾತ್ರಿಯಿಡೀ ತಣ್ಣಗಾದ ನೀರು ಮೊದಲು ಬರಬೇಕು. ಒಂದು ಬಕೆಟ್, ಕೆಲವೊಮ್ಮೆ ಎರಡು, ಮೋರಿಗೆ ಹೋಗುತ್ತಿತ್ತು. ಕರೆಂಟ್ ಉಳಿಸಲು ತಂದ ಸಾಧನ ನೀರನ್ನು ಸುರಿಯುತ್ತಿತ್ತು. ಬಚ್ಚಲಿನ ಬಾಗಿಲ ಬಳಿ ಆ ತಣ್ಣೀರಿಗೆಂದೇ ಒಂದು ಡ್ರಮ್ ಇಡುವ ಬುದ್ಧಿ ಬಂದದ್ದು ನೆಲ ಒರೆಸಲು ಬರುತ್ತಿದ್ದ ಅಕ್ಕನಿಗೆ, ನಮಗಾರಿಗೂ ಅಲ್ಲ.

ಫ್ಯಾನು ಮೊದಲೋ, ಸೋಲಾರ್ ಮೊದಲೋ?

ಕರೆಂಟಿನ ‘ಯೂನಿಟ್’ ಎಂದರೆ 1,000 ವಾಟ್‌ನ ಉಪಕರಣ ಒಂದು ಗಂಟೆ ಓಡಿದರೆ ತಗಲುವ ವಿದ್ಯುತ್. ಹಳೆಯ ಸೀಲಿಂಗ್ ಫ್ಯಾನು ಸುಮಾರು 75 ವಾಟ್ ಎಳೆಯುತ್ತದೆ. ಕಡಿಮೆ ಕರೆಂಟಿನಲ್ಲಿ ತಿರುಗುವ ಈಗಿನ ಬಿಎಲ್‌ಡಿಸಿ ಮೋಟಾರಿನ ಫ್ಯಾನು 30ರ ಆಸುಪಾಸು. ಕೋಣೆಗೆ ಇಬ್ಬರಂತೆ 500 ಜನರ ಹಾಸ್ಟೆಲಿನಲ್ಲಿ 250 ಫ್ಯಾನು, ದಿನಕ್ಕೆ 12 ಗಂಟೆ ತಿರುಗಿದರೆ ಉಳಿತಾಯ 135 ಯೂನಿಟ್. ನಮ್ಮ ಬಿಸಿಲಿನಲ್ಲಿ ಒಂದು ಕಿಲೋವಾಟ್ ಸೋಲಾರ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ, 10 ಚದರ ಮೀಟರ್ ಜಾಗ ಬೇಡುತ್ತದೆ. ಅಂದರೆ ಫ್ಯಾನು ಬದಲಿಸಿದ್ದು ಸುಮಾರು 34 ಕಿಲೋವಾಟ್ ಸೋಲಾರ್ ಹಾಕಿದ್ದಕ್ಕೆ ಸಮ.

ತೂತಿನ ಕೊಡಕ್ಕೆ ಎಷ್ಟು ನೀರು ಹೊಯ್ದರೂ ಅಷ್ಟೇ. ಅದಕ್ಕೇ ಇಂಧನ ಲೆಕ್ಕ ಬಲ್ಲವರು ಮೊದಲು ಪೋಲು ನಿಲ್ಲಿಸಿ, ಆಮೇಲೆ ಫಲಕ ಹಾಕಿ ಎನ್ನುವುದು. ಆದರೆ ಫಲಕ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಫ್ಯಾನು ಕಾಣುವುದಿಲ್ಲ.

ಹಾಗಾದರೆ ಗಿಡ?

ಪರಿಸರ ದಿನ ಎಂದು ಜೂನ್ 5ರಂದು ನೆಟ್ಟ ಗಿಡಗಳ ಸಂಖ್ಯೆಗಿಂತ ಮರುವರ್ಷದ ಜೂನ್ 5ಕ್ಕೆ ಬದುಕಿರುವ ಗಿಡಗಳ ಸಂಖ್ಯೆ ಕೇಳಬೇಕು. ಬೆಳೆದ ಮರವೊಂದು ವರ್ಷಕ್ಕೆ ಅಂದಾಜು 20 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೀರುತ್ತದೆ ಎಂಬುದು ಸಾಮಾನ್ಯವಾಗಿ ಬಳಸುವ ಲೆಕ್ಕ. ಜಾತಿ, ವಯಸ್ಸು, ಮಣ್ಣಿಗೆ ತಕ್ಕಂತೆ ಇದು ಏರುಪೇರಾಗುತ್ತದೆ. ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕೆ.ಜಿ. ಹೊರಬರುತ್ತದೆ. ಮೇಲಿನ ಫ್ಯಾನುಗಳ 135 ಯೂನಿಟ್ ಉಳಿದರೆ ದಿನಕ್ಕೇ 95 ಕೆ.ಜಿ. ಕಡಿಮೆ. ಹೊಗೆಯ ಲೆಕ್ಕದಲ್ಲಿ ಮರ ನಿಧಾನದ ಆಸಾಮಿ.

ಮರ ಬೇಕಾದದ್ದು ಬೇರೆ ಕಾರಣಗಳಿಗೆ. 1973ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ 1,100 ಎಕರೆಯ ಜ್ಞಾನಭಾರತಿ ಆವರಣಕ್ಕೆ ಬಂತು. ಆಮೇಲೆ ಅಲ್ಲಿ ಜೈವಿಕ ಉದ್ಯಾನ ಬೆಳೆಸಿದರು. ಪಕ್ಕದ ಬಡಾವಣೆಗಳ ಮೇಲೆ ಬಿದ್ದ ಮಳೆ ಸೀದಾ ಚರಂಡಿಗೆ ಹೋದರೆ, ಇಂಥ ಕಡೆ ತರಗೆಲೆಯ ಹಾಸು ಅದನ್ನು ತಡೆದು ನೆಲಕ್ಕೆ ಇಳಿಸುತ್ತದೆ. ನೆರಳು ನೆಲವನ್ನು ತಂಪಾಗಿಡುತ್ತದೆ, ಹಕ್ಕಿಗೆ ಹಣ್ಣು ಸಿಗುತ್ತದೆ. ಹೊಂಗೆ, ನೇರಳೆ, ಅತ್ತಿ ಇದ್ದ ಕಡೆ ಇದೆಲ್ಲ ನಡೆಯುತ್ತದೆ, ಕತ್ತರಿಸಿದ ಹುಲ್ಲುಹಾಸಿನಲ್ಲಿ ನಡೆಯುವುದಿಲ್ಲ. ಬೇಸಿಗೆಯಲ್ಲಿ ಹುಲ್ಲುಹಾಸಿಗೆ ದಿನವೂ ನೀರು ಬೇರೆ ಕೊಡಬೇಕು.

ಕುಕ್ಕರಹಳ್ಳಿ ಕೆರೆ: ಬೇಲಿ ದಾಟಿ ಬರುವ ನೀರು

ಕ್ಯಾಂಪಸ್ಸಿನ ಲೆಕ್ಕ ಗೇಟಿಗೇ ಮುಗಿಯುವುದಿಲ್ಲ ಎಂಬುದಕ್ಕೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಕಣ್ಣೆದುರಿನ ಉದಾಹರಣೆ. ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಈ ಕೆರೆ ಈಗ ಮೈಸೂರು ವಿಶ್ವವಿದ್ಯಾಲಯದ ಸುಪರ್ದಿಯಲ್ಲಿದೆ. ಕುವೆಂಪು ಸಂಜೆ ತಿರುಗಾಡುತ್ತಿದ್ದ ಏರಿ ಇದು. ಪಕ್ಕದ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರೂ ಅವರೇ. ಹೆಜ್ಜಾರ್ಲೆ, ನೀರುಕಾಗೆಗಳು ಇಂದಿಗೂ ಇಲ್ಲಿಗೆ ಬರುತ್ತವೆ.

ಕೆರೆಗೆ ಮಳೆನೀರು ತಂದುಕೊಡುತ್ತಿದ್ದದ್ದು ಪೂರ್ಣಯ್ಯನವರ ಹೆಸರಿನ ನಾಲೆ. ನಗರ ಬೆಳೆದಂತೆ ನಾಲೆಯ ದಾರಿಯಲ್ಲಿ ಬಡಾವಣೆ ಎದ್ದವು, ಒಳ್ಳೆಯ ನೀರು ಕಡಿಮೆಯಾಯಿತು, ಸುತ್ತಲಿನ ಕೊಳಚೆ ನುಗ್ಗತೊಡಗಿತು. ಕೊಳಚೆಯಲ್ಲಿ ಸಾರಜನಕ, ರಂಜಕ ಇರುತ್ತವೆ, ಅಂದರೆ ಗೊಬ್ಬರವೇ. ಗೊಬ್ಬರ ಸಿಕ್ಕ ಪಾಚಿ ಹಗಲು ಸೊಂಪಾಗಿ ಬೆಳೆಯುತ್ತದೆ. ರಾತ್ರಿ ಅದೇ ಪಾಚಿ, ಸತ್ತ ಪಾಚಿಯನ್ನು ಕೊಳೆಸುವ ಬ್ಯಾಕ್ಟೀರಿಯಾ ಸೇರಿ ನೀರಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತವೆ. ನಸುಕಿನ ಹೊತ್ತಿಗೆ ಮೀನಿಗೆ ಉಸಿರಾಡಲು ಏನೂ ಉಳಿದಿರುವುದಿಲ್ಲ. ಬೆಳಿಗ್ಗೆ ವಾಕಿಂಗ್‌ಗೆ ಬಂದವರು ಕೆರೆಯಂಚಿನಲ್ಲಿ ಸತ್ತ ಮೀನು ತೇಲುವುದನ್ನು ನೋಡಿ ‘ಯಾರೋ ವಿಷ ಹಾಕಿದರು’ ಎನ್ನುವುದುಂಟು. ಬಹಳ ಸಲ ಅದು ವಿಷವಲ್ಲ, ನಮ್ಮದೇ ಬಚ್ಚಲ ನೀರು. ಇಂಥ ಕೆರೆಯನ್ನು ವಿಶ್ವವಿದ್ಯಾಲಯವೊಂದೇ ಕಾಯಲಾರದು. ಪಾಲಿಕೆ, ಒಳಚರಂಡಿ, ಸುತ್ತಲಿನ ಮನೆಗಳು ಎಲ್ಲವೂ ಆ ಲೆಕ್ಕದಲ್ಲಿವೆ.

ಕಾಗದದಲ್ಲಿ ಏನಿದೆ?

ಕಾಲೇಜುಗಳಿಗೆ ಎ, ಬಿ ಎಂದು ದರ್ಜೆ ಕೊಡುತ್ತ ಬಂದಿರುವ ಸಂಸ್ಥೆ ನ್ಯಾಕ್. 1994ರಲ್ಲಿ ಶುರುವಾದ ಇದರ ಕಚೇರಿ ಇರುವುದು ಬೆಂಗಳೂರಿನ ನಾಗರಭಾವಿಯಲ್ಲಿ, ಜ್ಞಾನಭಾರತಿಗೆ ಅಂಟಿಕೊಂಡಂತೆ. ನ್ಯಾಕ್ ನೋಡುತ್ತ ಬಂದಿರುವ ಏಳು ಮಾನದಂಡಗಳಲ್ಲಿ ಕೊನೆಯದು ಸಂಸ್ಥೆಯ ಮೌಲ್ಯಗಳಿಗೆ ಸಂಬಂಧಿಸಿದ್ದು. ಇಂಧನ, ನೀರು, ಕಸ, ‘ಗ್ರೀನ್ ಆಡಿಟ್’ ಎಲ್ಲ ಅದರೊಳಗೆ ಬರುತ್ತವೆ. ಬ್ರೋಷರಿನ ಆ ಪುಟ ಹುಟ್ಟಿದ್ದು ಬಹುಮಟ್ಟಿಗೆ ಇಲ್ಲಿಂದ. ಗ್ರೀನ್ ಆಡಿಟ್ ಎಂದರೆ ಹಣದ ಆಡಿಟ್ಟಿನ ಹಾಗೆಯೇ, ಆದರೆ ರೂಪಾಯಿಯ ಜಾಗದಲ್ಲಿ ಲೀಟರ್, ಯೂನಿಟ್, ಕೆ.ಜಿ. ಆ ವರದಿ ಎಷ್ಟೋ ಕಾಲೇಜುಗಳ ಜಾಲತಾಣದಲ್ಲೇ ಸಿಗುತ್ತದೆ. ಓದುವಾಗ ಒಂದೇ ವಿಷಯ ಗಮನಿಸಿ: ಹಿಂದಿನ ವರ್ಷದ ಅಂಕಿಯ ಪಕ್ಕ ಈ ವರ್ಷದ ಅಂಕಿ ಇದೆಯೇ, ಅಥವಾ ಬರೀ ಫೋಟೋಗಳೇ?

ಪದವಿಯ ಎಲ್ಲರೂ ಓದುವ ‘ಪರಿಸರ ಅಧ್ಯಯನ’ದ ಬೇರು ಸುಪ್ರೀಂ ಕೋರ್ಟ್ 1991ರಲ್ಲಿ ಕೊಟ್ಟ ನಿರ್ದೇಶನದಲ್ಲಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ರೂಪಿಸಿದ ಪಠ್ಯದಲ್ಲಿ ಕ್ಷೇತ್ರಕಾರ್ಯಕ್ಕೂ ಜಾಗ ಇದೆ. ಹಾಸ್ಟೆಲ್ಲಿನ ಡ್ರಮ್ ತೂಗುವುದು, ಬೋರ್‌ವೆಲ್ ಮೀಟರ್ ಬರೆದುಕೊಳ್ಳುವುದು ಆ ಕ್ಷೇತ್ರಕಾರ್ಯವೇ ಆಗಬಹುದು. ಜಿರಾಕ್ಸ್ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಪ್ರಾಜೆಕ್ಟ್ ರಿಪೋರ್ಟಿಗಿಂತ ಕಷ್ಟದ್ದೇನಲ್ಲ.

ವಿದ್ಯಾರ್ಥಿಗಳು ಇಲ್ಲದೆ ಯಾಕೆ ಆಗದು?

1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಮತ್ತು ಸಹೋದ್ಯೋಗಿಗಳು ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು, ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನ ರೂಪಿಸಲು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಅವರು ಸಗಣಿಯಿಂದ ನಡೆಯುವ ಸಮುದಾಯ ಬಯೋಗ್ಯಾಸ್ ಸ್ಥಾವರ ಹಾಕಿದರು. ಉದ್ದೇಶ ಅಡುಗೆ ಗ್ಯಾಸು. ಎಲ್ಲರ ಎಲ್ಲ ಹೊತ್ತಿನ ಅಡುಗೆಗೆ ಆಗುವಷ್ಟು ಸಗಣಿ ಸೇರಲಿಲ್ಲ, ಸೌದೆ ಹೇಗೂ ಸಿಗುತ್ತಿತ್ತು, ಜನರ ಆಸಕ್ತಿ ಇಳಿಯಿತು. ಊರಿಗೆ ನಿಜವಾಗಿ ಬೇಕಿದ್ದದ್ದು ಕುಡಿಯುವ ನೀರು. 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಬೋರ್‌ವೆಲ್ ನೀರೆತ್ತಿ ನಲ್ಲಿಗೆ ಬಿಟ್ಟು, ಮನೆಗೆ ದೀಪ ಕೊಟ್ಟಾಗ ಊರವರೇ ಸಗಣಿ ತಂದು ಸುರಿಯತೊಡಗಿದರು. ಗ್ಯಾಸು ಹುಟ್ಟುವ ಬಗೆ ಮೊದಲಿನದೇ ಆಗಿತ್ತು. ಈ ಸಲ ಅದು ಊರವರು ಕೇಳಿದ ಕೆಲಸಕ್ಕೆ ಹೋಯಿತು.

ಹಾಸ್ಟೆಲ್‌ನಲ್ಲೂ ಸ್ಥಿತಿ ಇದೇ. ಎಸ್ಟೇಟ್ ಅಧಿಕಾರಿ ಬಯೋಗ್ಯಾಸ್ ತೊಟ್ಟಿ ತರಿಸಬಹುದು, ಆದರೆ ಅನ್ನದ ಡ್ರಮ್ಮಿಗೆ ಪ್ಲಾಸ್ಟಿಕ್ ಚಮಚ ಬಿದ್ದರೆ ತೊಟ್ಟಿ ಕಟ್ಟಿಕೊಳ್ಳುತ್ತದೆ. ಬಿದ್ದದ್ದನ್ನು ನೋಡುವ ಕಣ್ಣು ಇರುವುದು ಅಲ್ಲಿ ತಟ್ಟೆ ತೊಳೆಯುವವರಿಗೆ. ಮೂರನೇ ಮಹಡಿಯ ಯಾವ ಸಿಸ್ಟರ್ನ್ ರಾತ್ರಿಯಿಡೀ ಸೋರುತ್ತದೆ ಎಂಬುದು ವಾರ್ಡನ್‌ಗೆ ಗೊತ್ತಿರುವುದಿಲ್ಲ, ಪಕ್ಕದ ರೂಮಿನವನಿಗೆ ಗೊತ್ತು.

ಕೈಗಳಿಗೂ ಬರವಿಲ್ಲ. ಗಾಂಧಿ ಶತಾಬ್ದಿಯ ವರ್ಷ 1969ರಲ್ಲಿ ಶುರುವಾದ ಎನ್‌ಎಸ್‌ಎಸ್‌, ಅಂದರೆ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಪ್ರತಿ ಸ್ವಯಂಸೇವಕ ವರ್ಷಕ್ಕೆ 120 ಗಂಟೆ ಕೊಡಬೇಕು. ನೂರು ಜನರ ಒಂದು ಘಟಕಕ್ಕೆ 12,000 ಗಂಟೆ. ಅದರಲ್ಲಿ ಎಷ್ಟು ಭಾಗ ರಸ್ತೆ ಗುಡಿಸುವ ಫೋಟೋಗೆ, ಎಷ್ಟು ಭಾಗ ಅಳೆಯುವ ಕೆಲಸಕ್ಕೆ ಎಂಬುದನ್ನು ಆ ಘಟಕವೇ ತೀರ್ಮಾನಿಸಬಹುದು.

ತೊಡಕಿರುವುದು ಕಾಲದಲ್ಲಿ. ಪೈಪು ಇಪ್ಪತ್ತು ವರ್ಷ ಇರುತ್ತದೆ, ವಿದ್ಯಾರ್ಥಿ ಮೂರು ವರ್ಷ. ಉತ್ಸಾಹಿ ಬ್ಯಾಚ್ ಒಂದು ಕಾಂಪೋಸ್ಟ್ ಗುಂಡಿ ಎಬ್ಬಿಸುತ್ತದೆ, ಅವರು ಟಿಸಿ ತೆಗೆದುಕೊಂಡು ಹೋದ ಆಗಸ್ಟ್‌ನಲ್ಲಿ ಅದರೊಳಗೆ ಮಳೆನೀರು ನಿಂತಿರುತ್ತದೆ. ಇದಕ್ಕೆ ಮದ್ದು ದೊಡ್ಡದೇನಲ್ಲ. ಈ ಕೆಲಸ ಹೊತ್ತ ವಿದ್ಯಾರ್ಥಿ ಕ್ಲಬ್ಬಿನಲ್ಲಿ ಕೊನೆಯ ವರ್ಷದವರ ಜೊತೆಗೆ ಮೊದಲ ವರ್ಷದವರೂ ಇರಬೇಕು. ಜವಾಬ್ದಾರಿ ಹೊತ್ತ ಒಬ್ಬ ಮೇಷ್ಟ್ರು, ಒಬ್ಬ ಕಾಯಂ ಸಿಬ್ಬಂದಿ ಜೊತೆಗಿರಬೇಕು. ಮಾರ್ಚ್‌ನಲ್ಲಿ, ಪರೀಕ್ಷೆಯ ಗಡಿಬಿಡಿಗೆ ಮೊದಲು, ಒಂದು ಸಾದಾ ರೂಲ್ಡ್ ಪುಸ್ತಕ ಕೈ ಬದಲಾಗಬೇಕು. ಅದರಲ್ಲಿ ಇರಬೇಕಾದದ್ದು ಇಷ್ಟೇ: ಡ್ರಮ್ಮಿನ ತೂಕದ ಪಟ್ಟಿ, ಬೋರ್‌ವೆಲ್ ಮೀಟರಿನ ರೀಡಿಂಗ್, ಪಂಪ್‌ಹೌಸಿನ ಬೀಗದ ಕೈ ಯಾರ ಬಳಿ ಇರುತ್ತದೆ, ಒಣ ಎಲೆ ಚೀಲಗಳನ್ನು ಎಲ್ಲಿ ಪೇರಿಸಿದ್ದಾರೆ, ಮತ್ತು ಕೊನೆಯ ಪುಟದಲ್ಲಿ, ಈ ವರ್ಷ ಏನು ಮಾಡಲು ಹೋಗಿ ಕೈ ಸುಟ್ಟುಕೊಂಡೆವು ಎಂಬುದು.